ಟಾನಿ ಪೋರ್ಟ್ ಬಾಟಲಿ ಇಟ್ಟಷ್ಟೂ ಒಳ್ಳೆಯದಾಗುತ್ತದಾ? ಉಪ್ಪಳದ ಸೆಕೆಯಲ್ಲಿ ಇಡುವುದು ಹೇಗೆ?

ಉಪ್ಪಳ_ಗೇಟ್:

ದುಬೈಯಿಂದ ಬಂದ ನೆಂಟರು ತಂದ ಮೂರು ಪೋರ್ಟ್ (ಪೋರ್ಚುಗಲ್ಲಿನ ಸಿಹಿ ವೈನ್) ಬಾಟಲಿ ಮನೆಯಲ್ಲಿ ಉಂಟು. ಮೂರೂ ಟಾನಿ, ಮೂರೂ 750 ಮಿಲಿ. ಲೇಬಲ್ಲಿನಲ್ಲಿ ಇರುವುದು ಹೀಗೆ:

ಒಂದು: 10 ವರ್ಷದ ಟಾನಿ, ಬಾಟಲಿಗೆ ತುಂಬಿದ್ದು 2019.
ಎರಡು: 20 ವರ್ಷದ ಟಾನಿ, ತುಂಬಿದ್ದು 2023.
ಮೂರು: ಕೊಲ್ಯೈಟಾ 2009, ತುಂಬಿದ್ದು 2022.

"ಹಳೆಯದಾದಷ್ಟು ರುಚಿ ಹೆಚ್ಚು, ಮುಟ್ಟಬೇಡಿ" ಅಂತ ಎಲ್ಲರೂ ಹೇಳ್ತಾರೆ. ಹಾಗಾದರೆ 10 ವರ್ಷದ್ದನ್ನು ಇನ್ನೂ ಹತ್ತು ವರ್ಷ ಇಟ್ಟರೆ ಅದು 20 ವರ್ಷದ್ದಾಗುತ್ತದಾ? ಈಗ ಮೂರನ್ನೂ ಕಪಾಟಿನ ಮೇಲೆ ಅಡ್ಡ ಮಲಗಿಸಿ ಇಟ್ಟದ್ದು. ಮಾರ್ಚ್‌ನಿಂದ ಮೇ ತನಕ ಆ ಕೋಣೆಯಲ್ಲಿ ಸೆಕೆ ಜೋರು. ಬಾಟಲಿ ಬೆಳಕಿಗೆ ಹಿಡಿದರೆ ಒಳಗಿನದ್ದು ಕೆಂಪಲ್ಲ, ಕಂದು. ಹಾಳಾಗಿದೆಯಾ? ತೆರೆದ ಮೇಲೆ ಎಷ್ಟು ದಿನ ಇರುತ್ತದೆ, ಎಷ್ಟು ತಣ್ಣಗೆ ಕುಡಿಯಬೇಕು, ಜೊತೆಗೆ ಎಂತ ತಿನ್ನಬೇಕು? ವಿಸ್ಕಿಯ ವಿಷಯ ಗೊತ್ತುಂಟು, ಇದು ಹೊಸತು.

ಪಯಸ್ವಿನಿ_ದಡ:

ಮೊದಲ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. ಟಾನಿ ಎಂದರೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಕಂದಾದ ಪೋರ್ಟ್, ಅದರ ವಯಸ್ಸು ಏರುವುದು ಪೀಪಾಯಿಯಲ್ಲಿ ಮಾತ್ರ. ಬಾಟಲಿಗೆ ಬಂದ ದಿನ ಅದು ನಿಂತಿತು. 2019ರಲ್ಲಿ ತುಂಬಿದ 10 ವರ್ಷದ ಟಾನಿಯನ್ನು 2039ರ ತನಕ ಇಟ್ಟರೂ ಅದು 10 ವರ್ಷದ ಟಾನಿಯೇ, ಪರಿಮಳ ಕಳಕೊಂಡ 10 ವರ್ಷದ ಟಾನಿ. ವಿಸ್ಕಿ ಗೊತ್ತಿದೆ ಅಂದಿರಲ್ಲ, ಈ ಒಂದು ವಿಷಯದಲ್ಲಿ ಎರಡೂ ಒಂದೇ.

ಯಾಕೆ ಅಂತ ತಿಳಿಯಬೇಕಾದರೆ ಅದನ್ನು ಮಾಡುವ ಕ್ರಮ ಸ್ವಲ್ಪ ಹೇಳಬೇಕು. ಪೋರ್ಟ್‌ನ ದ್ರಾಕ್ಷಿ ಬೆಳೆಯುವುದು ಪೋರ್ಚುಗಲ್ಲಿನ ಉತ್ತರದ ಡೌರೊ ನದಿ ಕಣಿವೆಯಲ್ಲಿ. 1756ರಲ್ಲೇ ಗಡಿ ಗುರುತಿಸಿದ ಪ್ರದೇಶ ಅದು. ಟೂರಿಗಾ ನಾಸಿಯೊನಾಲ್, ಟೂರಿಗಾ ಫ್ರಾಂಕಾ, ಟಿಂಟಾ ರೋರಿಜ್, ಟಿಂಟಾ ಬರೋಕಾ ಮುಖ್ಯ ತಳಿಗಳು. ದ್ರಾಕ್ಷಿ ತುಳಿದು ಎರಡು ಮೂರು ದಿನ ಹುದುಗಿಸಿ, ಅರ್ಧದಷ್ಟು ಸಕ್ಕರೆ ಇನ್ನೂ ಉಳಿದಿರುವಾಗಲೇ ಅದಕ್ಕೆ ಶೇ. 77ರ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ರೂಢಿಯ ಲೆಕ್ಕ 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ, ಒಟ್ಟು 550 ಲೀಟರ್, ಅಂದರೆ ಒಂದು ಪೀಪಾಯಿ. ರಸದಲ್ಲಿ ಆಗ ಶೇ. 6 ಆಲ್ಕೊಹಾಲ್ ಇದ್ದರೆ ಮಿಶ್ರಣ ಶೇ. 20ರಿಂದ 21ಕ್ಕೆ ಬಂದು ನಿಲ್ಲುತ್ತದೆ. ಆ ಮಟ್ಟದಲ್ಲಿ ಯೀಸ್ಟ್ ಬದುಕುವುದಿಲ್ಲ, ಸಕ್ಕರೆ ಹಾಗೇ ಉಳಿಯುತ್ತದೆ. ಹೊರಗಿನಿಂದ ಸಕ್ಕರೆ ಹಾಕಿದ್ದಲ್ಲ.

ಇಲ್ಲಿಂದ ದಾರಿ ಕವಲಾಗುತ್ತದೆ. ರೂಬಿ ಎಂಬ ಕೆಂಪು ಬಗೆಯ ಪೋರ್ಟನ್ನು ಸಾವಿರಾರು ಲೀಟರಿನ ದೊಡ್ಡ ತೊಟ್ಟಿಗಳಲ್ಲಿ ಇಡುತ್ತಾರೆ, ಗಾಳಿ ತಾಗುವುದು ಕಡಿಮೆ, ಕೆಂಪು ಉಳಿಯುತ್ತದೆ. ಟಾನಿಯನ್ನು ಈ 550 ಲೀಟರ್ ಆಸುಪಾಸಿನ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಮರದ ಸಂದಿನಿಂದ ಆಮ್ಲಜನಕ ನಿಧಾನಕ್ಕೆ ಒಳಗೆ, ನೀರು ಮತ್ತು ಆಲ್ಕೊಹಾಲ್ ನಿಧಾನಕ್ಕೆ ಹೊರಗೆ. ವರ್ಷಕ್ಕೆ ಸುಮಾರು ಶೇ. 2 ಆವಿಯಾಗುತ್ತದೆ ಅಂತ ಹಿಡಿಯಿರಿ: 20 ವರ್ಷಕ್ಕೆ ಮೂರನೇ ಒಂದು ಪಾಲು ಹೋಯಿತು, 40 ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು. ಉಳಿದದ್ದರಲ್ಲಿ ಸಿಹಿ, ಹುಳಿ, ಪರಿಮಳ ಮೂರೂ ಮಂದವಾಗುತ್ತವೆ. 40 ವರ್ಷದ ಬಾಟಲಿಯ ಬೆಲೆಯಲ್ಲಿ ಗಾಳಿಗೆ ಹೋದದ್ದರ ದುಡ್ಡೂ ಸೇರಿದೆ.

ಪೀಪಾಯಿಗಳು ಹೊಸತಲ್ಲ ಎಂಬುದನ್ನು ಗಮನಿಸಬೇಕು. ಹತ್ತಾರು ವರ್ಷ ಬಳಸಿ ಮರದ ರುಚಿ ಪೂರ್ತಿ ಬಿಟ್ಟುಹೋದ ಓಕ್. ಬರ್ಬನ್ ವಿಸ್ಕಿಯಲ್ಲಿ ಬರುವ ವೆನಿಲಾ, ಹೊಗೆ ಇಲ್ಲಿ ಹುಡುಕಬೇಡಿ. ಪೀಪಾಯಿಯ ಕೆಲಸ ಉಸಿರಾಡುವುದು ಮಾತ್ರ.

ಬಣ್ಣದ ಹೆದರಿಕೆ ಬಿಡಿ. ಕೆಂಪು ಕೊಡುವ ಆಂಥೋಸಯನಿನ್‌ಗಳು ಒಗರು ಕೊಡುವ ಟ್ಯಾನಿನ್ ಜೊತೆ ಸೇರಿ ದೊಡ್ಡ ಅಣುಗಳಾಗಿ ಪೀಪಾಯಿಯ ತಳಕ್ಕೆ ಇಳಿಯುತ್ತವೆ, ಉಳಿದದ್ದು ಗಾಳಿಗೆ ಕಂದಾಗುತ್ತದೆ. 10 ವರ್ಷದ್ದು ಇಟ್ಟಿಗೆ ಕೆಂಪು, 20ರದ್ದು ತಾಮ್ರ, 40ರದ್ದರ ಅಂಚಿನಲ್ಲಿ ಹಸಿರು ಛಾಯೆ. ಕಂದು ಇಲ್ಲದಿದ್ದರೇ ಅನುಮಾನ ಪಡಬೇಕು.

ಈಗ ನಂಬರುಗಳು. 10, 20, 30, 40, ಈಚೆಗೆ 50 ಕೂಡ ಸೇರಿತು. ಇವು ಕನಿಷ್ಠ ವಯಸ್ಸಲ್ಲ. ಬೇರೆ ಬೇರೆ ವರ್ಷದ ಪೀಪಾಯಿಗಳನ್ನು ಬೆರೆಸಿ ಆ ವಯಸ್ಸಿನ ಗುಣ ತರುತ್ತಾರೆ. 20 ವರ್ಷದ ಬಾಟಲಿಯಲ್ಲಿ 14 ವರ್ಷದ್ದೂ 35 ವರ್ಷದ್ದೂ ಇರಬಹುದು. ಪೋರ್ಚುಗಲ್ಲಿನ ನಿಯಂತ್ರಣ ಸಂಸ್ಥೆ ಐವಿಡಿಪಿಯ ರುಚಿ ನೋಡುವ ಮಂಡಳಿ ಒಪ್ಪಿದರೆ ಮಾತ್ರ ಆ ನಂಬರು ಹಾಕಲಿಕ್ಕೆ ಬಿಡುತ್ತಾರೆ. ಸ್ಕಾಚ್‌ನಲ್ಲಿ 12 ಎಂದರೆ ಅತಿ ಎಳೆಯದ್ದಕ್ಕೂ 12 ಆಗಿರಬೇಕು. ಆ ಲೆಕ್ಕ ಇಲ್ಲಿ ತರಬೇಡಿ. ವಯಸ್ಸು ಬರೆಯದೆ ಬರೀ ಟಾನಿ ಅಂತ ಇದ್ದರೆ ಸಾಮಾನ್ಯವಾಗಿ ಎಳೆಯದು. ರಿಸರ್ವ್ ಟಾನಿಯಾದರೆ ಮರದಲ್ಲಿ ಕನಿಷ್ಠ 6 ವರ್ಷ.

ಕೊಲ್ಯೈಟಾ ಎಂದರೆ ಒಂದೇ ವರ್ಷದ ಕೊಯ್ಲಿನದ್ದು, ಕನಿಷ್ಠ 7 ವರ್ಷ ಪೀಪಾಯಿಯಲ್ಲಿ ಇರಲೇಬೇಕು. ನಿಮ್ಮದು 2009ರದ್ದು, 2022ರಲ್ಲಿ ತುಂಬಿದ್ದು. ಹಾಗಾಗಿ ಮರದಲ್ಲಿ 13 ವರ್ಷ. ಲೇಬಲ್ ನೋಡಿ ಇದೇ ದೊಡ್ಡದು ಅನ್ನಿಸಬಹುದು, ಆದರೆ ಗುಣದಲ್ಲಿ ಅದು 20ಕ್ಕಿಂತ 10ರ ಹತ್ತಿರ. ವಿಂಟೇಜ್ ಪೋರ್ಟ್ ಜೊತೆ ಕಲಸಬೇಡಿ. ಅದನ್ನು ಎರಡು ಮೂರು ವರ್ಷಕ್ಕೇ ಬಾಟಲಿಗೆ ತುಂಬುತ್ತಾರೆ, ವಯಸ್ಸಾಗುವುದು ಬಾಟಲಿಯೊಳಗೆ. "ಇಟ್ಟಷ್ಟೂ ಒಳ್ಳೆಯದು" ಎಂಬ ಮಾತು ಹುಟ್ಟಿದ್ದು ಅದರಿಂದ, ಜನ ಅದನ್ನು ಟಾನಿಗೂ ಅಂಟಿಸಿದರು.

ನಿಮ್ಮ ಕ್ರಮ: 2019ರದ್ದನ್ನು ಮೊದಲು ತೆರೆಯಿರಿ, ಆಮೇಲೆ ಕೊಲ್ಯೈಟಾ, ಕೊನೆಗೆ 20. ಯಾವುದನ್ನೂ ಕಾಯಿಸುವ ಅಗತ್ಯ ಇಲ್ಲ.

ಬೇಕಲ_ಬೀಚು:

ಮೇಲಿನವರು ವೈನಿನ ಕಥೆ ಪೂರ್ತಿ ಹೇಳಿದರು. ನಾನು ಕಪಾಟಿನ ಕಥೆ ಹೇಳ್ತೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಟಾನಿ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಬಾಟಲಿ ನೆಟ್ಟಗೆ ನಿಲ್ಲಿಸಿ. ಟಾನಿಗೆ ಇರುವುದು ಪ್ಲಾಸ್ಟಿಕ್ ಟೋಪಿ ಹಾಕಿದ ಗಿಡ್ಡ ಬಿರಡೆ, ಕೈಯಲ್ಲೇ ತಿರುಗಿಸಿ ತೆಗೆಯುವಂಥದ್ದು. ಅಡ್ಡ ಮಲಗಿಸಿದರೆ ಶೇ. 20ರ ಆಲ್ಕೊಹಾಲ್ ಸದಾ ಆ ಬಿರಡೆಯನ್ನು ತೋಯಿಸುತ್ತದೆ, ಬಿರಡೆ ಮೆತ್ತಗಾಗಿ ಹಿಡಿತ ಬಿಡುತ್ತದೆ. ಮೇಲಿಂದ ಸೆಕೆಗೆ ವೈನ್ ಹಿಗ್ಗಿ ಬಿರಡೆಯ ಬದಿಯಿಂದ ಜಿನುಗುತ್ತದೆ. ರಾತ್ರಿ ತಣಿದಾಗ ಕುಗ್ಗಿ, ಅದೇ ಸಂದಿನಿಂದ ಗಾಳಿ ಒಳಗೆ. ಅಡ್ಡ ಮಲಗಿಸುವ ಶಾಸ್ತ್ರ ಉದ್ದ ಬಿರಡೆಯ ವಿಂಟೇಜ್ ಪೋರ್ಟ್‌ಗೆ.

ಕಪಾಟಿನ ಮೇಲೆ ಬೇಡವೇ ಬೇಡ. ಹಂಚಿನ ಮನೆಯಾದರೂ ಟೆರೇಸಿನ ಮನೆಯಾದರೂ ಸೆಕೆ ಸೇರುವುದು ಮೇಲೆಯೇ. ನೆಲದ ಹತ್ತಿರ, ಉತ್ತರದ ಗೋಡೆಯ ಬದಿ, ಬಾಗಿಲಿರುವ ಕಪಾಟಿನ ಕೆಳಗಿನ ಅರೆಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಇಡಿ. ಅಡುಗೆಕೋಣೆಯಲ್ಲಿ ಬೇಡ, ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲಿ ಅಂತೂ ಖಂಡಿತ ಬೇಡ. ಕೋಣೆ 30 ಡಿಗ್ರಿ ದಾಟುತ್ತದಾದರೆ ತೆರೆಯದ ಬಾಟಲಿಯನ್ನು ಫ್ರಿಜ್ಜಿನ ಕೆಳ ತಟ್ಟೆಯಲ್ಲಿ ನಿಲ್ಲಿಸಿದರೂ ತೊಂದರೆ ಇಲ್ಲ. ಮಳೆಗಾಲದಲ್ಲಿ ಟೋಪಿಯ ಮೇಲೆ, ಲೇಬಲ್ಲಿನ ಮೇಲೆ ಬೂಸ್ಟು ಬರುತ್ತದೆ. ಅದು ಹೊರಗಿನದ್ದು, ಒಣ ಬಟ್ಟೆಯಲ್ಲಿ ಒರೆಸಿದರೆ ಆಯ್ತು.

ತೆರೆಯುವ ಮೊದಲು ಕತ್ತು ನೋಡಿ. ಬಿರಡೆಯ ಮೇಲಿನಿಂದ ಕತ್ತಿನ ತನಕ ಐವಿಡಿಪಿಯ ಕಾಗದದ ಸೀಲು ಇರುತ್ತದೆ, ಅದು ಹರಿಯದೆ ಇರಬೇಕು. ಅಂಟು ಅಂಟಾದ ಕಂದು ಉಂಗುರ ಕಂಡರೆ ಬಾಟಲಿ ಸೋರಿದೆ ಎಂದು ಲೆಕ್ಕ. ವೈನ್ ಕುಡಿಯಲಿಕ್ಕೆ ಬರಬಹುದು, ಆದರೆ ಅಂಥದ್ದನ್ನು ಇನ್ನು ಇಡಬೇಡಿ.

ತಣಿಸುವ ಲೆಕ್ಕ. ಟಾನಿಗೆ ಹಿತವಾದದ್ದು 12ರಿಂದ 14 ಡಿಗ್ರಿ. ಪುಸ್ತಕಗಳು "ಕೋಣೆಯ ಉಷ್ಣತೆ" ಅಂದರೆ ಅದು ಯುರೋಪಿನ ಕೋಣೆ, ಉಪ್ಪಳದ್ದಲ್ಲ. 32 ಡಿಗ್ರಿಯಲ್ಲಿ ಕುಡಿದರೆ ಮೂಗಿಗೆ ಬರುವುದು ಸಾರಾಯಿಯ ಘಾಟು, ನಾಲಗೆಗೆ ಬರುವುದು ಬರೀ ಅಂಟು ಸಿಹಿ. ಅಷ್ಟಕ್ಕೇ "ಪೋರ್ಟ್ ಎಂದರೆ ಕೆಮ್ಮಿನ ಔಷಧಿ" ಎಂಬ ತೀರ್ಮಾನಕ್ಕೆ ಬರುವವರು ಬೇಕಾದಷ್ಟಿದ್ದಾರೆ.

ಕೋಣೆಯಿಂದ ಫ್ರಿಜ್ಜಿಗೆ ಹಾಕಿದರೆ ಒಂದೂವರೆ ಎರಡು ಗಂಟೆ ಬೇಕು. ಅವಸರ ಇದ್ದರೆ ಬಕೆಟಿನಲ್ಲಿ ಅರ್ಧ ಐಸು ಅರ್ಧ ನೀರು, ಕತ್ತಿನ ತನಕ ಮುಳುಗಲಿ, ಹದಿನೈದು ಇಪ್ಪತ್ತು ನಿಮಿಷ ಸಾಕು. ಬರೀ ಐಸಿನಲ್ಲಿ ನಿಲ್ಲಿಸಿದರೆ ಇದರ ದುಪ್ಪಟ್ಟು ಹೊತ್ತು, ಯಾಕೆಂದರೆ ಐಸಿನ ಗಡ್ಡೆ ಗಾಜಿಗೆ ತಾಗುವುದು ಅಲ್ಲಲ್ಲಿ ಮಾತ್ರ. ಫ್ರೀಜರಿನಲ್ಲಿ ಮರೆತರೆ ಪರಿಮಳ ಮುಚ್ಚಿಹೋಗುತ್ತದೆ. ಮೊದಲೇ ಫ್ರಿಜ್ಜಿನಲ್ಲಿದ್ದ ಬಾಟಲಿಯಾದರೆ ಗ್ಲಾಸಿಗೆ ಹಾಕಿ ಹತ್ತು ನಿಮಿಷ ಬಿಡಿ, ಬಾಟಲಿಯನ್ನು ಕೂಡಲೇ ವಾಪಸು ಫ್ರಿಜ್ಜಿಗೆ ಇಡಿ. ಒಮ್ಮೆಗೆ 60ರಿಂದ 75 ಮಿಲಿ, ಅದಕ್ಕಿಂತ ಹೆಚ್ಚು ಹಾಕಿದರೆ ಮುಗಿಯುವ ಮೊದಲೇ ಬಿಸಿಯಾಗುತ್ತದೆ. ಐಸ್ ತುಂಡು ಗ್ಲಾಸಿಗೆ ಹಾಕಬೇಡಿ.

ತೆರೆದ ಮೇಲೆ ಫ್ರಿಜ್ಜಿನಲ್ಲೇ ಇರಬೇಕು, ಬಿರಡೆ ಒತ್ತಿ ಮುಚ್ಚಿ. 10 ವರ್ಷದ್ದು ಒಂದೂವರೆ ಎರಡು ತಿಂಗಳು ಚೆನ್ನಾಗಿರುತ್ತದೆ. 20ರದ್ದು ಒಂದು ತಿಂಗಳು ಅಂತ ಇಟ್ಟುಕೊಳ್ಳಿ. ಪೀಪಾಯಿಯಲ್ಲೇ ಗಾಳಿ ಉಂಡದ್ದರಿಂದ ವಿಂಟೇಜಿನ ಹಾಗೆ ಎರಡು ದಿನಕ್ಕೆ ಸೋಲುವುದಿಲ್ಲ. ಕುಡಿದ ಮೇಲೆ ಬಾಟಲಿಯ ಬಾಯಿ ಒರೆಸಿ ಮುಚ್ಚಿ, ಇಲ್ಲದಿದ್ದರೆ ಸಕ್ಕರೆ ಒಣಗಿ ಬಿರಡೆ ಕಚ್ಚುತ್ತದೆ. ಒಣಮೀನಿನ ಡಬ್ಬಿ ಅದೇ ತಟ್ಟೆಯಲ್ಲಿದ್ದರೆ ದಯವಿಟ್ಟು ಬೇರೆ ಕಡೆ ಇಡಿ.

ಉಪ್ಪಳ_ಗೇಟ್:

ಮೂರನ್ನೂ ನಿಲ್ಲಿಸಿದೆ, ಕೆಳಗೆ ಇಳಿಸಿದೆ. 2019ರದ್ದರ ಕತ್ತಿನಲ್ಲಿ ತೆಳ್ಳಗೆ ಅಂಟು ಉಂಟು, ನೀವು ಹೇಳಿದ ಹಾಗೇ. ಅದನ್ನೇ ಈ ವಾರ ತೆರೆಯುವುದು. ಟೋಪಿ ತಿರುಗಿಸಿ ನೋಡಿದರೆ ಅಲುಗುವುದಿಲ್ಲ, ಮುರಿದರೆ ಎಂತ ಮಾಡುವುದು? ಮತ್ತೆ ಹಾಳಾಗಿದೆಯೋ ಇಲ್ಲವೋ ಅಂತ ಮೊದಲ ಸಲ ಕುಡಿಯುವವನಿಗೆ ಗೊತ್ತಾಗುವುದು ಹೇಗೆ?

ಬೇಕಲ_ಬೀಚು:

ಸಕ್ಕರೆ ಕಚ್ಚಿದ್ದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕತ್ತಿಗೆ ಅರ್ಧ ನಿಮಿಷ ಸುತ್ತಿ ಹಿಡಿಯಿರಿ, ಆಮೇಲೆ ಟೋಪಿಯನ್ನು ಬಿಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಎಳೆಯಬೇಡಿ. ಎಳೆದರೆ ಪ್ಲಾಸ್ಟಿಕ್ ಕೈಗೆ, ಬಿರಡೆ ಒಳಗೆ. ಹಾಗೆ ಆಗಿಯೇ ಹೋದರೆ ಮಾಮೂಲಿ ಸುರುಳಿ ತಿರುಪನ್ನು ನಿಧಾನಕ್ಕೆ ಇಳಿಸಿ ತೆಗೆಯಬಹುದು. ಪುಡಿ ಬಿದ್ದರೆ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ತೊಳೆದೊಣಗಿಸಿದ ಬೇರೆ ಬಾಟಲಿಗೆ ಹಾಕಿ. ವಾಸನೆ ಬಿಡುವ ಪ್ಲಾಸ್ಟಿಕ್ ಬಾಟಲಿ ಬೇಡ.

ಸೋಸುವ ಶಾಸ್ತ್ರ ಟಾನಿಗೆ ಬೇರೆ ಇಲ್ಲ. ಅದರ ಗಸಿ ಪೀಪಾಯಿಯಲ್ಲೇ ಉಳಿಯಿತು, ಬಾಟಲಿಗೆ ಬರುವುದು ತಿಳಿ. ಡಿಕ್ಯಾಂಟರ್ (ಗಸಿ ಬಿಟ್ಟು ತಿಳಿ ಬಗ್ಗಿಸಿಕೊಳ್ಳುವ ಗಾಜಿನ ಹೂಜಿ) ಬೇಡ.

ಮುಳ್ಳೇರಿಯ_ಮಳೆ:

ಕೆಟ್ಟದ್ದನ್ನು ಗುರುತಿಸುವುದಕ್ಕಿಂತ ಮೊದಲು ಸರಿಯಾದದ್ದು ಹೇಗಿರುತ್ತದೆ ಅಂತ ಗೊತ್ತಾಗಬೇಕು. ಗ್ಲಾಸು ಬಾಯಿ ಕಿರಿದಾದದ್ದು, ಹೊಟ್ಟೆ ಅಗಲದ್ದು ಆಗಲಿ, ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಹಳೆಯ ಚಿತ್ರಗಳಲ್ಲಿ ಕಾಣುವ ಚಿಕ್ಕ ಲಿಕ್ಯೂರ್ ಗ್ಲಾಸಿನಲ್ಲಿ ಮೂಗಿಗೆ ಜಾಗವೇ ಇಲ್ಲ. ಪೋರ್ಟ್‌ಗೆಂದೇ ಪೋರ್ಚುಗಲ್ಲಿನ ವಾಸ್ತುಶಿಲ್ಪಿ ಆಲ್ವರೊ ಸಿಜಾ ವಿನ್ಯಾಸ ಮಾಡಿದ ಗ್ಲಾಸು ಉಂಟು, ಆದರೆ ಸಾಧಾರಣ ಚಿಕ್ಕ ವೈನ್ ಗ್ಲಾಸೂ ಸಾಕು. ಸ್ಟೀಲ್ ಲೋಟ ಬೇಡ.

10 ವರ್ಷದ್ದರಲ್ಲಿ ಹಣ್ಣು ಇನ್ನೂ ಇರುತ್ತದೆ: ಒಣ ಪ್ಲಮ್, ಒಣದ್ರಾಕ್ಷಿ, ಅಂಜೂರ, ಸ್ವಲ್ಪ ಕ್ಯಾರಮೆಲ್. 20ರದ್ದರಲ್ಲಿ ಹಣ್ಣು ಹಿಂದೆ ಸರಿದು ಹುರಿದ ಬಾದಾಮಿ, ಅಕ್ರೋಟು, ಕಿತ್ತಳೆ ಸಿಪ್ಪೆ, ಜೇನು ಮುಂದೆ ಬರುತ್ತವೆ. ಅಲ್ಲಿಂದ ಮುಂದೆ ಒಂದು ವಾಸನೆ ಬರುತ್ತದೆ, ನಮ್ಮ ಅಡುಗೆಮನೆಯವರಿಗೆ ಅದು ಹೊಸತಲ್ಲ: ಹುರಿದ ಮೆಂತೆ. ಸಾಟೊಲೋನ್ ಎಂಬ ಅಣು ಅದು. ಮೆಂತೆಕಾಳಿನ ವಾಸನೆಗೆ ಮುಖ್ಯ ಕಾರಣವೂ ಅದೇ, ಹಳೆ ಪೋರ್ಟಿನ ವಾಸನೆಗೂ ಅದೇ. ಪೀಪಾಯಿಯಲ್ಲಿ ಸಕ್ಕರೆ ಮತ್ತು ಆಮ್ಲಜನಕ ವರ್ಷಾನುವರ್ಷ ಒಟ್ಟಿಗಿದ್ದರೆ ಅದರ ಪ್ರಮಾಣ ಏರುತ್ತಾ ಹೋಗುತ್ತದೆ. ಕಡಿಮೆ ಇದ್ದಾಗ ಕ್ಯಾರಮೆಲ್ಲಿನಂತೆ, ಹೆಚ್ಚಾದಾಗ ಮೆಂತೆಯಂತೆ. ಹಾಗಾಗಿ ಯುರೋಪಿನವರ ಟಿಪ್ಪಣಿಗಳಲ್ಲಿ "ಮಸಾಲೆ" ಅಂತ ಮೋಟಾಗಿ ಬರೆದದ್ದನ್ನು ನೀವು ಹೆಸರು ಹಿಡಿದು ಹೇಳಬಹುದು.

ಇನ್ನು ದೋಷ. ಮೂಗು ಚುಚ್ಚುವ ಉಗುರು ಬಣ್ಣದ ವಾಸನೆ ಸ್ವಲ್ಪ ಇದ್ದರೆ ಹೆದರಬೇಡಿ. ಹಳೆಯ ಟಾನಿಯಲ್ಲಿ ಅದು ಇದ್ದೇ ಇರುತ್ತದೆ, ಪರಿಮಳವನ್ನು ಮೇಲಕ್ಕೆ ಎತ್ತುವುದೂ ಅದೇ. ಪೋರ್ಚುಗೀಸರು ಅದಕ್ಕೆ ವಿನಗ್ರಿನ್ಯೊ ಅಂತ ಮುದ್ದಿನ ಹೆಸರಿಟ್ಟಿದ್ದಾರೆ. ಬೇರೆ ಯಾವ ವಾಸನೆಯೂ ಬಾರದಷ್ಟು ಅದು ಜೋರಾಗಿದ್ದರೆ ಮಾತ್ರ ದೋಷ. ಒದ್ದೆ ರಟ್ಟಿನ ವಾಸನೆ ಬಂದು ಹಣ್ಣಿನ ಪರಿಮಳ ಪೂರ್ತಿ ಸತ್ತಿದ್ದರೆ ಬಿರಡೆಯ ದೋಷ, ಅದಕ್ಕೆ ಮದ್ದಿಲ್ಲ. ಹುಳಿಯೂ ಇಲ್ಲ, ಪರಿಮಳವೂ ಇಲ್ಲ, ಬರೀ ಬೆಲ್ಲದ ನೀರಿನಂತೆ ಚಪ್ಪೆ ಅನ್ನಿಸಿದರೆ ಸೆಕೆಯಲ್ಲಿ ಬೆಂದದ್ದು. ನಿಮ್ಮ 2019ರ ಬಾಟಲಿಗೆ ಸಾಧ್ಯತೆ ಇರುವುದು ಈ ಕೊನೆಯದ್ದು.

ಇದರಲ್ಲಿ ಒಂದು ತಮಾಷೆ ಉಂಟು. ಪೋರ್ಚುಗಲ್ಲಿನಲ್ಲೇ ಹಳೆಯ ಜಗಳ ಇದು: ಪೀಪಾಯಿಗಳನ್ನು ಸಮುದ್ರದ ಹತ್ತಿರದ, ತಂಪು ತೇವದ ವಿಲಾ ನೋವಾ ದ ಗಾಯಾದ ಗೋದಾಮುಗಳಲ್ಲಿ ಇಡಬೇಕೋ, ಬಿಸಿಲು ಕಾಯುವ ಡೌರೊ ಕಣಿವೆಯಲ್ಲೇ ಇಡಬೇಕೋ ಅಂತ. ಕಣಿವೆಯಲ್ಲಿ ಬೇಗ ಕಂದಾಗುತ್ತದೆ, ಆವಿ ಹೆಚ್ಚು ಹೋಗುತ್ತದೆ, ಬೆಂದ ಬೆಲ್ಲದ ರುಚಿ ಬರುತ್ತದೆ. ಅದಕ್ಕೆ ಡೌರೊ ಬೇಕ್ ಅಂತಲೇ ಹೆಸರು. 1986ರ ತನಕ ರಫ್ತಾಗುವ ಪೋರ್ಟ್ ಎಲ್ಲ ಗಾಯಾದಿಂದಲೇ ಹೊರಡಬೇಕೆಂಬ ನಿಯಮವೂ ಇತ್ತು.

ಬೇಕಲದವರ 12–14ಕ್ಕೆ ಒಂದು ತಿದ್ದುಪಡಿ: 10ಕ್ಕೆ ಅದು ಸರಿ. 20ಕ್ಕೆ 14–16 ಇರಲಿ. ತೀರಾ ತಣ್ಣಗಿದ್ದರೆ ಅಕ್ರೋಟು ಸಿಪ್ಪೆಯ ಒಗರು ಎದ್ದು ಕಾಣುತ್ತದೆ, ಜೇನು ಅಡಗುತ್ತದೆ.

ತಿನ್ನುವ ವಿಷಯ. ಒಂದೇ ನಿಯಮ ಸಾಕು: ತಿಂಡಿಯ ಸಿಹಿ ವೈನಿನ ಸಿಹಿಯನ್ನು ದಾಟಬಾರದು. ದಾಟಿದರೆ ವೈನ್ ನೀರಾಗಿ, ಹುಳಿಯಾಗಿ, ಖಾರವಾಗಿ ಕಾಣುತ್ತದೆ. ಹಾಗಾಗಿ ಬೆಲ್ಲದ ಪಾಯಸ, ಅಡೆ ಪ್ರಥಮನ್ ಜೊತೆ ಬೇಡ, ಗೆಲ್ಲುವುದು ಪಾಯಸವೇ. ಅದರ ಬದಲು ಎಣ್ಣೆ ಹಾಕದೆ ಹುರಿದು ಚೂರು ಉಪ್ಪು ಹಾಕಿದ ಗೇರುಬೀಜ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬರಗಾಲ ಇಲ್ಲ. ಗೇರುಬೀಜದ ಕೊಬ್ಬು ಟಾನಿಯ ಹುಳಿಯನ್ನು ಮೆತ್ತಗೆ ಮಾಡುತ್ತದೆ, ಉಪ್ಪು ಸಿಹಿಯನ್ನು ಎತ್ತುತ್ತದೆ. ಹುರಿದ ಕೂಡಲೇ ಬಿಸಿಬಿಸಿ ಬೇಡ, ಪೂರ್ತಿ ಆರಲಿ.

ನೇಂದ್ರ ಬಾಳೆಕಾಯಿಯ ಶರ್ಕರ ಉಪ್ಪೇರಿ 10 ವರ್ಷದ್ದಕ್ಕೆ ಒಳ್ಳೆಯ ಜೋಡಿ. ಬೆಲ್ಲ ಅದರಲ್ಲಿ ತೆಳ್ಳಗಿನ ಕವಚ ಮಾತ್ರ, ಶುಂಠಿಯ ಖಾರ ವೈನಿನ ಒಣಹಣ್ಣಿಗೆ ಹೊಂದುತ್ತದೆ. ಒಳಗೆ ಅಕ್ರೋಟು ಇಟ್ಟ ಖರ್ಜೂರ ಒಂದೆರಡು ಆಗಬಹುದು, ಖರ್ಜೂರವೇ ಜಾಸ್ತಿಯಾದರೆ ಮತ್ತೆ ಅದೇ ಸಿಹಿಯ ಸಮಸ್ಯೆ. 20ಕ್ಕೆ ಹಲಸಿನ ಹಣ್ಣಿನ ಬೆರಟಿ ಒಂದು ಚಿಕ್ಕ ಚಮಚ, ಬೆಲ್ಲ ಕಡಿಮೆ ಹಾಕಿ ಕಾಯಿಸಿದ್ದಾದರೆ ಮಾತ್ರ. ಬೇಕರಿಯ ಕ್ಯಾರಮೆಲ್ ಪುಡ್ಡಿಂಗ್ ಕೂಡ ಸರಿ. ಪೋರ್ಚುಗಲ್ಲಿನಲ್ಲಿ ಟಾನಿಗೆ ಜೋಡಿ ಮಾಡುವುದು ಮೊಟ್ಟೆಯ ಹಳದಿಯ ಸಿಹಿಗಳನ್ನು. ಅದರಲ್ಲಿ ಒಂದು, ಹಳದಿಯನ್ನು ಎಳೆ ಎಳೆಯಾಗಿ ಸಕ್ಕರೆ ಪಾಕಕ್ಕೆ ಬಿಟ್ಟು ಮಾಡುವುದು, ಮಲಬಾರಿನ ಮುಟ್ಟಮಾಲೆಯದ್ದೇ ಕ್ರಮ. ಅದನ್ನು ಪಾಕ ಚೆನ್ನಾಗಿ ಬಸಿದು, ಕಡಿಮೆ ಹಾಕಿಕೊಳ್ಳಿ. ಕಪ್ಪು ಚಾಕೊಲೇಟು ರೂಬಿಗೆ ಬಿಡಿ. ಖಾರದ ಮೀನು ಫ್ರೈ ಜೊತೆ ಬೇಡ, ಶೇ. 20 ಆಲ್ಕೊಹಾಲ್ ಖಾರವನ್ನು ಎರಡರಷ್ಟು ಮಾಡುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ: ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುವ ವೈನ್ ಇದು, ಹಳೆಯದ್ದರಲ್ಲಿ ಇನ್ನೂ ಹೆಚ್ಚು. 75 ಮಿಲಿ ಗ್ಲಾಸಿಗೆ ಏಳೆಂಟು ಗ್ರಾಂ ಸಕ್ಕರೆ, ಹನ್ನೆರಡು ಗ್ರಾಂ ಆಲ್ಕೊಹಾಲ್.

ಪೆರ್ಲ_ಪೇಟೆ:

ಒಂದು ಉಪಪ್ರಶ್ನೆ. ಗೋವಾದಲ್ಲಿ ಪೋರ್ಟ್ ವೈನ್ ಅಂತ ಅಗ್ಗಕ್ಕೆ ಸಿಗುತ್ತದಲ್ಲ, ಕೆಂಪು, ಸಿಹಿ. ಅದನ್ನು ಸಣ್ಣ ಓಕ್ ಪೀಪಾಯಿಯಲ್ಲಿ ಒಂದೆರಡು ವರ್ಷ ಇಟ್ಟರೆ ಟಾನಿ ಆಗುವುದಿಲ್ಲವಾ? ಆನ್‌ಲೈನಿನಲ್ಲಿ ಐದು ಲೀಟರಿನ ಪೀಪಾಯಿ ಕಾಣ್ತದೆ. ಓಕ್ ಚಿಪ್ಸ್ ಕೂಡ.

ಪಯಸ್ವಿನಿ_ದಡ:

ಆಗುವುದಿಲ್ಲ ಪೆರ್ಲದವರೇ, ಮೂರು ಕಾರಣಕ್ಕೆ.

ಐದು ಲೀಟರ್ ಪೀಪಾಯಿಯಲ್ಲಿ ಪ್ರತಿ ಲೀಟರ್ ವೈನಿಗೆ ತಾಗುವ ಮರ, 550 ಲೀಟರಿನ ಪೀಪಾಯಿಗೆ ಹೋಲಿಸಿದರೆ ಹತ್ತಿರ ಹತ್ತಿರ ಐದು ಪಟ್ಟು. ಅದರ ಮೇಲೆ ನಮ್ಮ ಸೆಕೆ. ಗಾಯಾದಲ್ಲಿ ವರ್ಷಕ್ಕೆ ಶೇ. 2 ಹೋಗುವಲ್ಲಿ ಇಲ್ಲಿ ಬೇಸಿಗೆ ಕಳೆಯುವಷ್ಟರಲ್ಲಿ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ವೈನ್ ಹಣ್ಣಾಗುವುದಿಲ್ಲ, ಒಣಗುತ್ತದೆ.

ಎರಡನೆಯದು, ಆ ಪೀಪಾಯಿ ಹೊಸ ಮರದ್ದು, ಒಳಗೆ ಸುಟ್ಟದ್ದು. ವಾರ ಕಳೆಯುವಷ್ಟರಲ್ಲಿ ವೆನಿಲಾ, ಹೊಗೆ, ಮರದ ಹುಡಿ ರುಚಿ ತುಂಬಿಕೊಳ್ಳುತ್ತದೆ. ಚಿಪ್ಸ್ ಅಂದರೂ ಅದೇ. ಟಾನಿಯಲ್ಲಿ ಇರಬಾರದ್ದೇ ಅದು.

ಮೂರನೆಯದು ಆಲ್ಕೊಹಾಲ್. ಟಾನಿ ಗಾಳಿಯಲ್ಲಿ ಅಷ್ಟು ವರ್ಷ ಬದುಕುವುದು ಶೇ. 20ರ ಬಲದಲ್ಲಿ. ವಿನೆಗರ್ ಮಾಡುವ ಬ್ಯಾಕ್ಟೀರಿಯ ಆ ಮಟ್ಟದಲ್ಲಿ ಕೆಲಸ ಮಾಡುವುದಿಲ್ಲ. ಗೋವಾದ ಬಾಟಲಿಯ ಲೇಬಲ್ ನೋಡಿ, ಶೇ. 15ಕ್ಕಿಂತ ಕೆಳಗೆ ಇದ್ದರೆ ಪೀಪಾಯಿಗೆ ಹಾಕಿದ್ದು ಮಳೆಗಾಲ ಮುಗಿಯುವುದರೊಳಗೆ ಹುಳಿ. ಅದನ್ನು ಗಟ್ಟಿ ಮಾಡಲು ಸಾರಾಯಿ ಬೆರೆಸುತ್ತೇನೆ ಅಂದರೆ ಅಬಕಾರಿ ಕಾನೂನಿನ ಪ್ರಶ್ನೆ ಬರುತ್ತದೆ. ಆ ದಾರಿಗೆ ಹೋಗಬೇಡಿ.

ಹೆಸರಿನಲ್ಲಿ ಪೋರ್ಟ್ ಇದ್ದ ಮಾತ್ರಕ್ಕೆ ಅದು ಡೌರೊದ ವೈನ್ ಆಗುವುದಿಲ್ಲ. ಗೋವಾದ್ದನ್ನು ಅದರಷ್ಟಕ್ಕೇ ತಣ್ಣಗೆ ಕುಡಿಯಲಿಕ್ಕೆ ಯಾರ ಅಡ್ಡಿಯೂ ಇಲ್ಲ, ಆದರೆ ಟಾನಿಗೆ ಹೋಲಿಸುವ ಹಾಗಿಲ್ಲ. ಮತ್ತೆ ಕೆಲವರು ರೂಬಿ ಬಾಟಲಿಯನ್ನು ತೆರೆದು ಹಾಗೇ ಬಿಟ್ಟರೆ ಟಾನಿ ಆಗುತ್ತದೆ ಅನ್ನುತ್ತಾರೆ. ಬಣ್ಣ ಕಂದಾಗಬಹುದು. ಆದರೆ ನೀರು ಆವಿಯಾಗಿ ಮಂದವಾಗಲಿಲ್ಲ, ಬೇರೆ ಬೇರೆ ವಯಸ್ಸಿನದ್ದು ಬೆರೆಸಲಿಲ್ಲ. ಸಿಗುವುದು ಸತ್ತ ರೂಬಿ.

ಉಪ್ಪಳ_ಗೇಟ್:

10 ವರ್ಷದ್ದು ತೆರೆದೆವು. ಬಿಸಿಬಟ್ಟೆಯ ಉಪಾಯ ಕೆಲಸ ಮಾಡಿತು. ಒಣದ್ರಾಕ್ಷಿ, ಕ್ಯಾರಮೆಲ್ ಇತ್ತು, ಸ್ವಲ್ಪ ಬೆಂದ ಬೆಲ್ಲವೂ ಇತ್ತು, ಚಪ್ಪೆ ಅಲ್ಲ. ಗೇರುಬೀಜದ ಜೊತೆ ಚೆನ್ನಾಗಿ ಹೋಯಿತು. ನೆಂಟರು ಓಣಂಗೆ ಪುನಃ ಬರ್ತಾರೆ, ತರಿಸುವುದಾದರೆ ಯಾವುದು ತರಲಿಕ್ಕೆ ಹೇಳುವುದು? 40 ವರ್ಷದ್ದು ಕೇಳಬೇಕಾ?

ಮುಳ್ಳೇರಿಯ_ಮಳೆ:

40 ಬೇಡ. ದುಡ್ಡಿನ ಲೆಕ್ಕದಲ್ಲೂ ರುಚಿಯ ಲೆಕ್ಕದಲ್ಲೂ 20 ಸರಿಯಾದ ಜಾಗ: ಹಣ್ಣು ಪೂರ್ತಿ ಹೋಗಿಲ್ಲ, ಅಕ್ರೋಟು ಪೂರ್ತಿ ಬಂದಿದೆ. 40ರಲ್ಲಿ ಮಂದ ಸಿಹಿ, ಚೂಪು ಹುಳಿ, ಮೆಂತೆ ಎಲ್ಲ ಒಟ್ಟಿಗೆ ಇರುತ್ತದೆ. 20 ಅಭ್ಯಾಸವಾಗದೆ ಅದನ್ನು ತೆರೆದರೆ ಅರ್ಧ ವಿಷಯ ತಪ್ಪಿಹೋಗುತ್ತದೆ.

ಕೊಲ್ಯೈಟಾ ತರಿಸುವುದಿದ್ದರೆ ಕೊಯ್ಲಿನ ವರ್ಷ ಮಾತ್ರ ನೋಡಿ ಮರುಳಾಗಬೇಡಿ, ಎರಡು ವರ್ಷಗಳ ನಡುವಿನ ಅಂತರ ನೋಡಿ. 2003 ಕೊಯ್ಲು 2012ರಲ್ಲಿ ತುಂಬಿದ್ದಾದರೆ ಮರದಲ್ಲಿ 9 ವರ್ಷ, ಬಾಟಲಿಯಲ್ಲಿ ಸುಮ್ಮನೆ ಅದಕ್ಕಿಂತ ಹೆಚ್ಚು. ಅದೇ 2003 ಈಚೆಗೆ ತುಂಬಿದ್ದಾದರೆ ಅದು ಬೇರೆಯೇ ವೈನ್. ಕೊಲ್ಯೈಟಾಗೆ ಹೆಸರಾದ ವೈನ್ ಕಂಪನಿ ಕೋಪ್ಕೆ, 1638ರಿಂದ ಇರುವುದು. 20 ವರ್ಷದ್ದಕ್ಕೆ ಟೇಲರ್ಸ್, ಗ್ರಹಾಮ್ಸ್, ಸ್ಯಾಂಡೆಮನ್, ರಾಮೋಸ್ ಪಿಂಟೊ ಯಾವುದಾದರೂ ಸರಿ. ಟೇಲರ್ಸ್ ಸಿಹಿ ಸ್ವಲ್ಪ ಕಡಿಮೆ, ಗ್ರಹಾಮ್ಸ್ ಸಿಹಿ ಜಾಸ್ತಿ.

ಬೇಕಲ_ಬೀಚು:

ಅಂಗಡಿಯಲ್ಲಿ ಹೇಳಬೇಕಾದ್ದು ಮೂರು: ಲೇಬಲ್ಲಿನಲ್ಲಿ ಬಾಟಲಿಗೆ ತುಂಬಿದ ವರ್ಷ ಹೊಸದಿರಲಿ, ಶೆಲ್ಫಿನ ಲೈಟಿನ ಕೆಳಗೆ ನಿಂತದ್ದು ಬೇಡ ಒಳಗಿನಿಂದ ಕೊಡಲಿ, ಕತ್ತಿನಲ್ಲಿ ಅಂಟು ಇರಬಾರದು.

ವಿಮಾನದಲ್ಲಿ ತರುವವರಿಗೆ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ 2 ಲೀಟರ್ ಮದ್ಯ, ವೈನೂ ಅದರಲ್ಲೇ ಸೇರಿತು. 750 ಮಿಲಿಯ ಮೂರು ಬಾಟಲಿ ಎಂದರೆ 2.25 ಲೀಟರ್, ಒಬ್ಬರ ಲೆಕ್ಕಕ್ಕೆ ಹೆಚ್ಚಾಗುತ್ತದೆ. ಒಬ್ಬರೇ ಬರುವುದಾದರೆ ಎರಡು 750, ಜೊತೆಗೆ ಸಿಕ್ಕಿದರೆ ಒಂದು 375ರ ಅರ್ಧ ಬಾಟಲಿ. ಒಟ್ಟು 1.875 ಲೀಟರ್. ಅರ್ಧ ಬಾಟಲಿ ನಮ್ಮ ಹವೆಗೆ ಅನುಕೂಲವೂ ಹೌದು, ಐದಾರು ಗ್ಲಾಸಿಗೆ ಮುಗಿಯುತ್ತದೆ, ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿ ಕಾಯಿಸಬೇಕಾಗಿಲ್ಲ. ಕನೆಕ್ಷನ್ ವಿಮಾನ ಇದ್ದರೆ ಸೀಲು ಹಾಕಿದ ಡ್ಯೂಟಿ ಫ್ರೀ ಚೀಲವನ್ನು ಮನೆ ಮುಟ್ಟುವ ತನಕ ಬಿಚ್ಚಬೇಡಿ ಅಂತ ಹೇಳಿ. ಏರ್‌ಪೋರ್ಟಿನಿಂದ ಬರುವಾಗ ಕಾರಿನ ಡಿಕ್ಕಿಯಲ್ಲಿ ಬೇಡ, ಎಸಿ ಇರುವ ಕಡೆ ಕಾಲ ಬುಡದಲ್ಲಿ ನಿಲ್ಲಿಸಿಕೊಂಡು ಬರಲಿ.